ಬೋರ್ಡಿನ ಮೇಲೆ ಎರಡು ಹೆಸರು

ದತ್ತಿ ಉಪನ್ಯಾಸವೆಂದರೆ ವಚನ, ಶಾಸನ, ಕಾವ್ಯದ ಮಾತು ಎಂಬುದು ನಮ್ಮಲ್ಲಿ ರೂಢಿ. ಇಬ್ಬರು ಡಾಕ್ಟರು ಕೂಡಿ ತೆರೆದ ಕ್ಲಿನಿಕ್ಕು ಒಡೆದುಹೋಗುವ ಸಂಗತಿಯನ್ನು ಪೆರೇಸಂದ್ರದಲ್ಲಿ ಎತ್ತಿಕೊಳ್ಳಲು ಕಾರಣ ಈ ಊರು ಕೂತಿರುವ ಜಾಗದಲ್ಲೇ ಇದೆ. ಚಿಕ್ಕಬಳ್ಳಾಪುರಕ್ಕೂ ಬಾಗೇಪಲ್ಲಿಗೂ ನಡುವೆ, 44ನೇ ರಾಷ್ಟ್ರೀಯ ಹೆದ್ದಾರಿಯ ಮಗ್ಗುಲಲ್ಲಿ, ಗುಡಿಬಂಡೆಗೆ ತಿರುಗುವ ಕ್ರಾಸಿನಲ್ಲಿರುವ ಊರು ಇದು. ಸುತ್ತಲ ಹಳ್ಳಿಯವರಿಗೆ ಜ್ವರ, ಹೆರಿಗೆ, ಬಿಪಿ, ಸಕ್ಕರೆ ಕಾಯಿಲೆ, ಹೆದ್ದಾರಿಯ ಅಪಘಾತ ಎಲ್ಲಕ್ಕೂ ಮೊದಲು ನೆನಪಾಗುವುದು ಹತ್ತಿರದಲ್ಲಿ ಕೂರುವ ಡಾಕ್ಟರು. ಬೆಂಗಳೂರಿನಲ್ಲಿ ಒಂದು ಕ್ಲಿನಿಕ್ಕು ಬಾಗಿಲು ಹಾಕಿದರೆ ರೋಗಿ ಮುಂದಿನ ಬೀದಿಗೆ ಹೋಗುತ್ತಾನೆ. ಇಂಥ ಕಡೆ ಅವನು ಬಸ್ಸು ಹತ್ತಬೇಕು, ಅರ್ಧ ದಿನದ ಕೂಲಿ ಬಿಡಬೇಕು, ಕಾಯಿಲೆಯ ಕತೆಯನ್ನು ಹೊಸ ಡಾಕ್ಟರ ಮುಂದೆ ಮೊದಲಿನಿಂದ ಹೇಳಬೇಕು.

ಆದ್ದರಿಂದ ಡಾಕ್ಟರ ಪಾಲುದಾರಿಕೆ ಮುರಿದರೆ ಅದು ಅವರಿಬ್ಬರ ಮನೆಯ ವಿಷಯವಾಗಿ ಉಳಿಯುವುದಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರಲ್ಲ, ಇಲ್ಲಿ ಬಡವಾಗುವುದು ರೋಗಿ. ಕೂಡುವ ದಿನವೇ ಬೇರೆಯಾಗುವ ಕ್ರಮವನ್ನು ಬರೆದಿಟ್ಟುಕೊಳ್ಳಬೇಕು, ಆ ಬರಹದಲ್ಲಿ ರೋಗಿಯ ಪಾಡೇನು ಎಂಬುದಕ್ಕೆ ಮೊದಲ ಜಾಗ ಸಿಗಬೇಕು ಎಂಬುದು ಈ ಉಪನ್ಯಾಸದ ನಿಲುವು.

ಪಾಲುದಾರಿಕೆ ಹುಟ್ಟುವ ಬಗೆ ಸಣ್ಣ ಊರುಗಳಲ್ಲೆಲ್ಲ ಹೆಚ್ಚುಕಡಿಮೆ ಒಂದೇ. ಒಬ್ಬರು ಜನರಲ್ ಪ್ರಾಕ್ಟೀಸಿನಲ್ಲಿ ಕೈಗುಣದ ಹೆಸರು ಪಡೆದವರು. ಕಟ್ಟಡ ಅವರದು, ಇಲ್ಲವೇ ಬಾಡಿಗೆ ಕರಾರು ಅವರ ಹೆಸರಿನಲ್ಲಿರುತ್ತದೆ. ಇನ್ನೊಬ್ಬರು ಹೊಸದಾಗಿ ಪ್ರಸೂತಿ ಶಾಸ್ತ್ರವನ್ನೋ ಮಕ್ಕಳ ಚಿಕಿತ್ಸೆಯನ್ನೋ ಓದಿ ಬಂದವರು. ಸ್ಕ್ಯಾನಿಂಗ್ ಮಷೀನು, ಲೇಬರ್ ರೂಮು, ಜನರೇಟರು, ನರ್ಸುಗಳ ಸಂಬಳ ಒಬ್ಬರ ಕೈಗೆ ಎಟುಕುವ ಖರ್ಚಲ್ಲ. ದಿನವೂ ರಾತ್ರಿಯ ಕರೆಗೆ ಒಬ್ಬರೇ ಏಳುತ್ತಿದ್ದರೆ ಡಾಕ್ಟರೇ ರೋಗಿಯಾಗುತ್ತಾರೆ. ಹಾಗಾಗಿ ಕೂಡುತ್ತಾರೆ. “ನಮ್ಮಿಬ್ಬರ ಮಧ್ಯೆ ಪೇಪರ್ ಯಾಕೆ ಸಾರ್” ಎಂದು ಒಬ್ಬರು, “ನೀವು ಹೇಗೆ ಹೇಳ್ತೀರೋ ಹಾಗೆ ಮೇಡಂ” ಎಂದು ಇನ್ನೊಬ್ಬರು. ಒಳ್ಳೆಯ ಮನಸ್ಸಿನಿಂದಲೇ ಆಡಿದ ಮಾತು ಅದು. ಗಣಪತಿ ಪೂಜೆಯಾಗುತ್ತದೆ, ಬೋರ್ಡಿನ ಮೇಲೆ ಎರಡು ಹೆಸರು ಬರುತ್ತದೆ, ಮರುದಿನದಿಂದ ಓಪಿ ಶುರು.

ಮುನಿಸಿಗೆ ಬೇಕಾದ ಬೀಜಗಳು ಆ ದಿನವೇ ಬಿದ್ದಿರುತ್ತವೆ. ಗಲ್ಲಾದಲ್ಲಿ ಒಬ್ಬರ ಭಾಮೈದ ಕೂರುತ್ತಾನೆ. ಪಕ್ಕದ ಮೆಡಿಕಲ್ ಸ್ಟೋರು ಇನ್ನೊಬ್ಬರ ಅಣ್ಣನದಾಗಿರುತ್ತದೆ. ರಾತ್ರಿ ಎದ್ದು ಹೆರಿಗೆ ಮಾಡಿಸಿದವರಿಗೂ ಬೆಳಗ್ಗೆ ನೂರು ಜನರನ್ನು ನೋಡಿದವರಿಗೂ ತಿಂಗಳ ಕೊನೆಯಲ್ಲಿ ಸಮಪಾಲು ಬಂದಾಗ ಇಬ್ಬರಿಗೂ ತಾವೇ ಹೆಚ್ಚು ದುಡಿದಂತೆ ಕಾಣುತ್ತದೆ. ಹೊರಗಿನ ಲ್ಯಾಬಿನಿಂದ ಬರುವ ಕಮಿಷನ್ನಿನ ಮಾತು ಬಂದರೆ ಜಗಳ ಇನ್ನೂ ಹೊಲಸಾಗುತ್ತದೆ. ವೈದ್ಯರ ನಡತೆ ಕುರಿತ ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿ ರೋಗಿಯನ್ನು ಕಳಿಸಿಕೊಟ್ಟದ್ದಕ್ಕಾಗಿ ಕಮಿಷನ್ ಕೊಡುವುದನ್ನೂ ಪಡೆಯುವುದನ್ನೂ ಸ್ಪಷ್ಟವಾಗಿ ನಿಷೇಧಿಸಿದೆ. ಮುಟ್ಟಲೇಬಾರದ ದುಡ್ಡಿನಲ್ಲಿ ತನ್ನ ಪಾಲು ಬರಲಿಲ್ಲ ಎಂದು ಯಾರೂ ನ್ಯಾಯ ಕೇಳುವಂತಿಲ್ಲ.

ಈ ಹಂತದಲ್ಲಿ ಇನ್ನೂ ಸರಿಪಡಿಸಬಹುದು. 1932ರ ಭಾರತೀಯ ಪಾಲುದಾರಿಕೆ ಕಾಯ್ದೆ ಪ್ರತಿ ಪಾಲುದಾರನಿಗೂ ಲೆಕ್ಕದ ಪುಸ್ತಕ ನೋಡುವ, ನಕಲು ತೆಗೆದುಕೊಳ್ಳುವ ಹಕ್ಕು ಕೊಟ್ಟಿದೆ. ನಿಜವಾದ ಲೆಕ್ಕ ಕೊಡುವುದು ಪಾಲುದಾರರ ಮೇಲೆ ಅದು ಹೊರಿಸಿದ ಕರ್ತವ್ಯ. ತಿಂಗಳಿಗೊಮ್ಮೆ ಓಪಿ ಮುಗಿದ ಮೇಲೆ ಇಬ್ಬರೂ ಕೂತು ರಸೀದಿ ಪುಸ್ತಕ, ಬ್ಯಾಂಕ್ ಪಾಸ್‌ಬುಕ್, ರಾತ್ರಿ ಡ್ಯೂಟಿಯ ಪಟ್ಟಿ ಮೂರನ್ನೂ ಒಟ್ಟಿಗೆ ನೋಡಿದರೆ ಅರ್ಧ ಅನುಮಾನ ಅಲ್ಲೇ ಕರಗುತ್ತದೆ. ಲೆಕ್ಕ ಕೇಳುವುದನ್ನು ಅಪನಂಬಿಕೆ ಎಂದು ತಿಳಿಯುವುದು ನಮ್ಮ ಡಾಕ್ಟರುಗಳಲ್ಲಿ ಬೇರೂರಿರುವ ತಪ್ಪು ಕಲ್ಪನೆ. ಇನ್ನೊಂದು ತೊಡಕು ಇದೆ. ದಿನನಿತ್ಯದ ವಿಷಯಗಳಲ್ಲಿ ಭಿನ್ನಾಭಿಪ್ರಾಯ ಬಂದರೆ ಬಹುಮತದಂತೆ ನಡೆಯಬೇಕು ಎಂದು ಅದೇ ಕಾಯ್ದೆಯ 12ನೇ ಕಲಂ ಹೇಳುತ್ತದೆ. ಇಬ್ಬರೇ ಇರುವಲ್ಲಿ ಬಹುಮತ ಎಲ್ಲಿಂದ ಬರಬೇಕು? ಇಬ್ಬರೂ ಒಪ್ಪುವ ಮೂರನೆಯವರೊಬ್ಬರನ್ನು, ಹಿರಿಯ ವೈದ್ಯರನ್ನೋ ಆಡಿಟರನ್ನೋ, ಮನಸ್ಸು ಚೆನ್ನಾಗಿರುವಾಗಲೇ ಗೊತ್ತುಮಾಡಿಕೊಂಡಿರಬೇಕು. ಮನಸ್ಸು ಮುರಿದ ಮೇಲೆ ಒಬ್ಬರು ಸೂಚಿಸಿದ ಹೆಸರನ್ನು ಇನ್ನೊಬ್ಬರು ಒಪ್ಪುವುದಿಲ್ಲ.

ಕಾಗದವಿಲ್ಲದೆ ಕೂಡಿದವರಿಗೆ ಕಾನೂನೇ ಒಂದು ಕಾಗದ ಬರೆದಿಟ್ಟಿರುತ್ತದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. 1932ರ ಕಾಯ್ದೆ ಅಂಗಡಿ, ಮಂಡಿ, ಗಿರಣಿಗಳ ವ್ಯಾಪಾರವನ್ನೂ ವೈದ್ಯರ ಪ್ರಾಕ್ಟೀಸನ್ನೂ ಒಂದೇ ನಿಯಮದಲ್ಲಿ ಇಡುತ್ತದೆ. ಬೇರೆ ಒಪ್ಪಂದ ಇಲ್ಲದಿದ್ದರೆ ಅದರ 13ನೇ ಕಲಮಿನಂತೆ ಲಾಭವೂ ನಷ್ಟವೂ ಸಮಪಾಲು; ದುಡಿಮೆಗೆ ಪ್ರತ್ಯೇಕ ಸಂಬಳ ಕೇಳುವಂತಿಲ್ಲ.

ಇದರ ಬಿಸಿ ಎಷ್ಟೆಂದು ತಿಳಿಯಲು ಒಂದು ಲೆಕ್ಕ ಹಾಕಿ ನೋಡಬಹುದು. ಇವರು ಊಹೆಯ ಡಾಕ್ಟರುಗಳು. ಹಿರಿಯರು 12 ಲಕ್ಷ ಹಾಕಿದ್ದಾರೆ, ಕಿರಿಯ ಪ್ರಸೂತಿ ತಜ್ಞೆ 3 ಲಕ್ಷ ಹಾಕಿದ್ದಾರೆ, ಕರಾರುಪತ್ರ ಇಲ್ಲ. ಬೇರೆಯಾಗುವ ಹೊತ್ತಿಗೆ ಮಷೀನು, ಮಂಚ, ಪೀಠೋಪಕರಣ ಎಲ್ಲ ಮಾರಿದರೆ ಬಂದದ್ದು 14 ಲಕ್ಷ. ಬ್ಯಾಂಕಿನ ಸಾಲ 5 ಲಕ್ಷ ಬಾಕಿ. ಕಾಯ್ದೆಯ 48ನೇ ಕಲಮಿನಂತೆ ಮೊದಲು ಹೊರಗಿನವರ ಸಾಲ ತೀರಬೇಕು. ಕೈಯಲ್ಲಿ ಉಳಿಯುವುದು 9 ಲಕ್ಷ. ಹಾಕಿದ ಬಂಡವಾಳ 15 ಲಕ್ಷವಾದ್ದರಿಂದ 6 ಲಕ್ಷ ಕೊರತೆ. ಲಾಭ ಸಮಪಾಲಾದ್ದರಿಂದ ಈ ಕೊರತೆಯೂ ಸಮಪಾಲು, ತಲಾ 3 ಲಕ್ಷ. ಹಿರಿಯರಿಗೆ 9 ಲಕ್ಷ ಸಿಗುತ್ತದೆ. ಐದಾರು ವರ್ಷ ರಾತ್ರಿ ನಿದ್ದೆಗೆಟ್ಟು ಹೆರಿಗೆ ಮಾಡಿಸಿದ ಡಾಕ್ಟರಮ್ಮನವರಿಗೆ ಸಿಗುವುದು ಸೊನ್ನೆ. ಇಲ್ಲಿ ಯಾರೂ ಮೋಸ ಮಾಡಿಲ್ಲ. ಆಡದೆ ಉಳಿದ ಮಾತಿನ ಜಾಗದಲ್ಲಿ ಕಾಯ್ದೆ ತನ್ನ ಮಾತನ್ನು ಆಡಿತು, ಅಷ್ಟೆ. ಕೂಡುವ ದಿನ ಎರಡು ಸಾಲು ಬರೆದಿದ್ದರೆ, ರಾತ್ರಿ ಕರೆಗೆ ಇಷ್ಟು ಸಂಭಾವನೆ, ನಷ್ಟ ಬಂಡವಾಳದ ಪ್ರಮಾಣದಲ್ಲಿ ಎಂದು ಒಪ್ಪಿದ್ದರೆ, ಫಲ ಬೇರೆಯಾಗುತ್ತಿತ್ತು.

“ಸ್ಕ್ಯಾನಿಂಗ್ ಮಷೀನು ನಂದು, ನಾನು ಎತ್ತಿಕೊಂಡು ಹೋಗ್ತೀನಿ” ಎಂಬ ಮಾತು ಇಂಥ ಹೊತ್ತಿನಲ್ಲಿ ಕೇಳಿಬರುವುದುಂಟು. ಪಕ್ಕದ ಆಂಧ್ರದಿಂದ ಸುಪ್ರೀಂ ಕೋರ್ಟಿಗೆ ಹೋದ ಅದ್ದಂಕಿ ನಾರಾಯಣಪ್ಪ ಮತ್ತು ಭಾಸ್ಕರ ಕೃಷ್ಣಪ್ಪ ಅವರ ಮೊಕದ್ದಮೆ ಈ ವಿಷಯದಲ್ಲಿ ಇಂದಿಗೂ ಕೈಮರ. ಎರಡು ಅವಿಭಕ್ತ ಕುಟುಂಬಗಳು ಕೂಡಿ ಭತ್ತ ಕುಟ್ಟುವ, ಕಡಲೆಕಾಯಿ ಸುಲಿಯುವ ವ್ಯವಹಾರ ನಡೆಸಿದ್ದವು. ಪಾಲುದಾರಿಕೆ ನಡೆಯುತ್ತಿರುವಷ್ಟು ಕಾಲ ಯಾವ ಪಾಲುದಾರನೂ ಸಂಸ್ಥೆಯ ಇಂಥದ್ದೇ ಸ್ವತ್ತು ತನ್ನದೆಂದು ಬೊಟ್ಟು ಮಾಡಿ ತೋರಿಸಲಾರ, ಸಾಲ ತೀರಿಸಿ ಉಳಿದದ್ದರಲ್ಲಿ ಅವನಿಗೆ ಬರುವುದು ಪಾಲಿನ ಹಣ ಎಂದು 1966ರಲ್ಲಿ ವರದಿಯಾದ ಆ ತೀರ್ಪು ಹೇಳಿತು. ಕಡಲೆಕಾಯಿ ಸುಲಿಯುವ ಯಂತ್ರಕ್ಕೆ ಸಂದ ಈ ಮಾತು ಕ್ಲಿನಿಕ್ಕಿನ ಮಷೀನಿಗೂ ಸಲ್ಲುತ್ತದೆ.

ಹೊತ್ತುಕೊಂಡು ಹೋಗಲಾಗದ್ದಕ್ಕೆ ಇನ್ನೊಂದು ಗಟ್ಟಿ ಕಾರಣವೂ ಇದೆ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಡಿ ಸ್ಕ್ಯಾನಿಂಗ್ ಕೇಂದ್ರದ ನೋಂದಣಿ ಪತ್ರವನ್ನು ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲ. ಮಾಲೀಕತ್ವ ಬದಲಾದರೆ ಹಳೆಯ ಪತ್ರವನ್ನು ಹಿಂದಿರುಗಿಸಿ ಹೊಸದಾಗಿ ಅರ್ಜಿ ಹಾಕಬೇಕು. ಡಾಕ್ಟರು, ಜಾಗ, ಮಷೀನು ಯಾವುದು ಬದಲಾಗುವುದಿದ್ದರೂ 30 ದಿನ ಮುಂಚೆ ಸಕ್ಷಮ ಪ್ರಾಧಿಕಾರಕ್ಕೆ ತಿಳಿಸಬೇಕು. ಸಿಟ್ಟಿನಲ್ಲಿ ರಾತ್ರೋರಾತ್ರಿ ಟೆಂಪೋಗೆ ಮಷೀನು ಏರಿಸಿದವರು ಪಾಲುದಾರನ ಜೊತೆಗಿನ ಜಗಳವನ್ನು ತಾವಾಗಿಯೇ ಕ್ರಿಮಿನಲ್ ಕಾನೂನಿನ ಅಂಗಳಕ್ಕೆ ಎಳೆದುಕೊಳ್ಳುತ್ತಾರೆ. ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕರ್ನಾಟಕ ಕಾಯ್ದೆಯ ನೋಂದಣಿ ಯಾರ ಹೆಸರಿನಲ್ಲಿದೆ, ಆಸ್ಪತ್ರೆ ತ್ಯಾಜ್ಯದ ಅನುಮತಿ ಯಾರ ಹೆಸರಿನಲ್ಲಿದೆ ಎಂಬುದನ್ನೂ ಮೊದಲೇ ನೋಡಿಕೊಂಡಿರಬೇಕು.

ಮಷೀನಿಗಿಂತ ಬೆಲೆಬಾಳುವುದು ಹೆಸರು. ಕರ್ನಾಟಕದ ಒಂದು ಊದುಬತ್ತಿ ತಯಾರಿಕೆಯ ಪಾಲುದಾರಿಕೆ ಸಂಸ್ಥೆ ಈ ವಿಷಯದಲ್ಲಿ ದೇಶಕ್ಕೇ ಪಾಠವಾಯಿತು. 1954ರಲ್ಲಿ ಕರಾರು ಬರೆದುಕೊಂಡಾಗ ಅವರು ಸಂಸ್ಥೆಯ ಹೆಸರಿಗೆ, ಅಂದರೆ ಗುಡ್‌ವಿಲ್ಲಿಗೆ, ಬೆಲೆ ಕಟ್ಟಿರಲಿಲ್ಲ. ಮುಂದೆ ವಿಸರ್ಜಿಸುವಾಗ ಕಟ್ಟುವುದೆಂದು ಬರೆದಿದ್ದರು. 1965ರ ಡಿಸೆಂಬರ್ ಕೊನೆಯಲ್ಲಿ ಸಂಸ್ಥೆ ವಿಸರ್ಜನೆಯಾದಾಗ ಹೆಸರಿಗೆ ₹1,50,000 ಬೆಲೆ ಕಟ್ಟಿದರು. ಅದಕ್ಕೆ ತೆರಿಗೆ ಬೀಳುತ್ತದೆಯೇ ಎಂಬ ಪ್ರಶ್ನೆ ಬಿ.ಸಿ. ಶ್ರೀನಿವಾಸ ಶೆಟ್ಟಿ ಮೊಕದ್ದಮೆಯಾಗಿ ಸುಪ್ರೀಂ ಕೋರ್ಟನ್ನು ಮುಟ್ಟಿ 1981ರಲ್ಲಿ ತೀರ್ಮಾನವಾಯಿತು: ದುಡ್ಡು ಕೊಟ್ಟು ಕೊಳ್ಳದೆ ತಾನಾಗಿ ಬೆಳೆದ ಹೆಸರಿಗೆ ಕೊಂಡ ಬೆಲೆ ಎಂಬುದೇ ಇಲ್ಲ, ಆಗಿನ ಕಾನೂನಿನಂತೆ ಬಂಡವಾಳ ಲಾಭದ ತೆರಿಗೆಯೂ ಇಲ್ಲ. ಆಮೇಲೆ ತೆರಿಗೆ ಕಾನೂನು ಬದಲಾಗಿದೆ. ಆದರೆ ಆ ಊದುಬತ್ತಿಯವರ ಮುಂದಾಲೋಚನೆಯನ್ನು ಮೆಚ್ಚಬೇಕು. ಹೆಸರಿಗೊಂದು ಬೆಲೆ ಇದೆ, ಅದನ್ನು ಕಟ್ಟುವ ದಿನವೊಂದು ಬರುತ್ತದೆ ಎಂದು ಅವರು ಮೊದಲ ದಿನವೇ ಬರೆದಿಟ್ಟಿದ್ದರು. ಪಾಲುದಾರಿಕೆ ಕಾಯ್ದೆಯ 55ನೇ ಕಲಂ ಕೂಡ ಬೇರೆ ಒಪ್ಪಂದವಿಲ್ಲದಿದ್ದರೆ ಗುಡ್‌ವಿಲ್ ಸಂಸ್ಥೆಯ ಸ್ವತ್ತು ಎನ್ನುತ್ತದೆ.

ವೈದ್ಯರ ಹೆಸರು ಊದುಬತ್ತಿಯ ಹೆಸರಿನಂತೆ ಪೊಟ್ಟಣದ ಮೇಲೆ ಕೂರುವುದಿಲ್ಲ. ಸ್ವಲ್ಪ ಜಾಗಕ್ಕೆ ಅಂಟಿರುತ್ತದೆ, ಸ್ವಲ್ಪ ಬೋರ್ಡಿಗೆ, ಬಹುಪಾಲು ಡಾಕ್ಟರ ಕೈಗೆ. ಇಂಗ್ಲೆಂಡಿನಲ್ಲಿ 1948ರಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಶುರುವಾದಂದಿನಿಂದ ಆ ಸೇವೆಯ ಕುಟುಂಬ ವೈದ್ಯರು ತಮ್ಮ ಪ್ರಾಕ್ಟೀಸಿನ ಗುಡ್‌ವಿಲ್ ಮಾರುವುದನ್ನೇ ಕಾನೂನು ನಿಷೇಧಿಸಿದೆ. ನಮ್ಮಲ್ಲಿ ಅಂಥ ನಿಷೇಧವಿಲ್ಲ. ಹೆಸರಿನ ಬೆಲೆ ಕಟ್ಟುವ ಸೂತ್ರವನ್ನು ಆಡಿಟರ ಸಲಹೆಯಿಂದ ಕರಾರಿನಲ್ಲೇ ಬರೆದರೆ ಮುಂದೆ ಅದರ ಮೇಲೆ ಜಗಳ ಕಡಿಮೆ.

ಹೊರಟ ಡಾಕ್ಟರು ಎಲ್ಲಿ ಕೂರಬಹುದು? ಅತಿ ಹೆಚ್ಚು ಮನಸ್ಸು ಕೆಡಿಸುವ ಪ್ರಶ್ನೆ ಇದು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಆಫ್ರಿಕದ ಕರಾವಳಿಯ ಜಂಜಿಬಾರ್ ದ್ವೀಪದಲ್ಲಿ ಒಬ್ಬ ವೈದ್ಯರು 3 ವರ್ಷದ ಕರಾರಿನ ಮೇಲೆ ಸಹಾಯಕ ವೈದ್ಯರೊಬ್ಬರನ್ನು ಇಟ್ಟುಕೊಂಡರು. ಆ ಅವಧಿಯಲ್ಲಿ ಅಲ್ಲಿ ಸ್ವಂತ ಪ್ರಾಕ್ಟೀಸು ಮಾಡುವಂತಿಲ್ಲ ಎಂಬ ಷರತ್ತಿತ್ತು. ಸಹಾಯಕರು ಒಂದು ವರ್ಷಕ್ಕೇ ಬಿಟ್ಟು ಅದೇ ಊರಿನಲ್ಲಿ ಬೇರೆ ಪ್ರಾಕ್ಟೀಸು ತೆರೆದರು. ಚಾರ್ಲ್ಸ್‌ವರ್ತ್ ಮತ್ತು ಮ್ಯಾಕ್‌ಡೊನಾಲ್ಡ್ ಎಂಬ ಹೆಸರಿನ ಈ ವ್ಯಾಜ್ಯ ಬಂದದ್ದು ಬೊಂಬಾಯಿ ಹೈಕೋರ್ಟಿಗೆ. ಕರಾರಿನ ಅವಧಿ ಮುಗಿಯುವವರೆಗೆ ಷರತ್ತು ಸಿಂಧು ಎಂದು ಕೋರ್ಟು ಎತ್ತಿಹಿಡಿಯಿತು. ನೂರಕ್ಕೂ ಹೆಚ್ಚು ವರ್ಷದ ಹಿಂದೆ ಸಮುದ್ರದಾಚೆಯ ಇಬ್ಬರು ವೈದ್ಯರು ಆಡಿದ ಜಗಳವನ್ನು ಭಾರತದ ವಕೀಲರು ಇಂದಿಗೂ ಓದುತ್ತಾರೆ.

ಅವಧಿ ಮುಗಿದ ಮೇಲಿನ ಮಾತು ಬೇರೆ. 1872ರ ಕರಾರು ಕಾಯ್ದೆಯ 27ನೇ ಕಲಂ ಯಾರ ವೃತ್ತಿಗೂ ಅಡ್ಡ ಬರುವ ಒಪ್ಪಂದವನ್ನು ಅಸಿಂಧು ಎನ್ನುತ್ತದೆ. ಸಂಬಳಕ್ಕಿರುವ ಡ್ಯೂಟಿ ಡಾಕ್ಟರು ಕೆಲಸ ಬಿಟ್ಟ ಮೇಲೆ ಎದುರಿಗೇ ಬೋರ್ಡು ಹಾಕಿದರೂ ಈ ಕಲಂ ಅವರ ಬೆನ್ನಿಗಿರುತ್ತದೆ. ಪಾಲುದಾರರ ವಿಷಯದಲ್ಲಿ ಮಾತ್ರ ಒಂದು ವಿನಾಯಿತಿ ಇದೆ. ನಿರ್ದಿಷ್ಟ ಕಾಲ ಅಥವಾ ನಿರ್ದಿಷ್ಟ ಪ್ರದೇಶದ ಮಿತಿಯಲ್ಲಿ, ಸಮಂಜಸವಾಗಿದ್ದರೆ, ಹೊರಹೋದ ಪಾಲುದಾರ ಪೈಪೋಟಿ ಮಾಡಬಾರದೆಂಬ ಒಪ್ಪಂದ ಸಿಂಧು ಎಂದು ಪಾಲುದಾರಿಕೆ ಕಾಯ್ದೆಯ 36ನೇ ಕಲಂ ಹೇಳುತ್ತದೆ. ಒಪ್ಪಂದವೇ ಇಲ್ಲದಿದ್ದರೆ ಅವರು ಎಲ್ಲಿ ಬೇಕಾದರೂ ಕೂರಬಹುದು. ಆದರೆ ಹಳೆಯ ಸಂಸ್ಥೆಯ ಹೆಸರು ಬಳಸುವಂತಿಲ್ಲ, ಹಳೆಯ ರೋಗಿಗಳನ್ನು ತಾವಾಗಿ ಕರೆದು ಸೆಳೆಯುವಂತಿಲ್ಲ. ಕ್ಲಿನಿಕ್ಕಿನ ಮೊಬೈಲಿನಲ್ಲಿದ್ದ ನಂಬರುಗಳಿಗೆಲ್ಲ ವಾಟ್ಸಾಪ್ ಕಳಿಸುವುದು ಈ ಮಾತಿನ ಅಡಿಯಲ್ಲೇ ಬರುತ್ತದೆ. ಬ್ರಿಟನ್ನಿನ ಕೋರ್ಟು 1952ರಲ್ಲಿ, ವೈಟ್‌ಹಿಲ್ ಮತ್ತು ಬ್ರಾಡ್‌ಫರ್ಡ್ ಎಂಬ ವೈದ್ಯರ ವ್ಯಾಜ್ಯದಲ್ಲಿ, 10 ಮೈಲಿ ವ್ಯಾಪ್ತಿಯಲ್ಲಿ 21 ವರ್ಷ ಪ್ರಾಕ್ಟೀಸು ಮಾಡಬಾರದೆಂಬ ಷರತ್ತನ್ನೂ ಒಪ್ಪಿತ್ತು. ನಮ್ಮ ಬಯಲುಸೀಮೆಗೆ ಅದು ಕ್ರೂರವಾದ ಅಳತೆ. ಪ್ರಸೂತಿ ತಜ್ಞೆಯೊಬ್ಬರನ್ನು 10 ಮೈಲಿ ಆಚೆಗೆ ಅಟ್ಟಿದರೆ ಶಿಕ್ಷೆ ಬೀಳುವುದು ಆ 10 ಮೈಲಿಯೊಳಗಿನ ಬಸುರಿ ಹೆಂಗಸರಿಗೆ. ತಜ್ಞರು ವಿರಳವಾಗಿರುವ ಹೋಬಳಿಗಳಲ್ಲಿ ಡಾಕ್ಟರುಗಳು ಇಂಥ ಷರತ್ತು ಬರೆದುಕೊಳ್ಳದಿರುವುದೇ ಒಳ್ಳೆಯದು. ಬರೆಯಲೇಬೇಕೆಂದಿದ್ದರೆ ಅದೇ ರಸ್ತೆ, ಆರು ತಿಂಗಳು, ಅಷ್ಟಕ್ಕೆ ನಿಲ್ಲಿಸಬೇಕು.

ಬೇರೆಯಾಗುವ ವಿಧಿಯೂ ಸುಲಭವಾಗಿ ಕೈಗೆ ಸಿಗುತ್ತದೆ, ಪರಿಣಾಮ ಮಾತ್ರ ದೂರದವರೆಗೆ ಹಿಂಬಾಲಿಸುತ್ತದೆ. ಅವಧಿ ಗೊತ್ತುಮಾಡದ ಪಾಲುದಾರಿಕೆಯನ್ನು ಯಾರು ಬೇಕಾದರೂ ಒಂದು ಲಿಖಿತ ನೋಟಿಸಿನಿಂದ ಮುಗಿಸಬಹುದು. ಇಬ್ಬರೇ ಇದ್ದಲ್ಲಿ ಒಬ್ಬರು ಹೊರಟರೂ ತೀರಿಕೊಂಡರೂ ಪಾಲುದಾರಿಕೆ ಅಲ್ಲಿಗೆ ಮುಗಿಯಿತು, ಒಬ್ಬರೇ ಪಾಲುದಾರರಾಗಿ ಉಳಿಯುವುದು ಸಾಧ್ಯವಿಲ್ಲ. ಸೇಠ್ ಗೋವಿಂದರಾಂ ಶುಗರ್ ಮಿಲ್ಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ಬ್ಯಾಂಕಿನ ಸಾಲಕ್ಕೆ ಇಬ್ಬರೂ ಸಹಿ ಹಾಕಿದ್ದರೆ ಅವರಿಬ್ಬರ ಒಳ ಒಪ್ಪಂದ ಬ್ಯಾಂಕನ್ನು ಕಟ್ಟಿಹಾಕುವುದಿಲ್ಲ. ಬ್ಯಾಂಕೂ ಒಪ್ಪಿ ಬರೆದುಕೊಟ್ಟರೆ ಮಾತ್ರ ಹೊರಟವರು ಬಿಡುಗಡೆ. ನೋಂದಾಯಿತ ಸಂಸ್ಥೆಯಾದರೆ ನೋಂದಣಾಧಿಕಾರಿಗೆ ತಿಳಿಸಿ, ಗೆಜೆಟ್‌ನಲ್ಲೂ ಜಿಲ್ಲೆಯಲ್ಲಿ ಓಡಾಡುವ ಒಂದು ಕನ್ನಡ ಪತ್ರಿಕೆಯಲ್ಲೂ ಪ್ರಕಟಣೆ ಕೊಡಬೇಕು. ಕೊಡದಿದ್ದರೆ ಹಳೆಯ ಪಾಲುದಾರ ಮಾಡಿದ ಸಾಲ ಹೊರಟವರ ತಲೆಗೂ ಸುತ್ತಿಕೊಳ್ಳಬಹುದು. ನೋಂದಣಿಯನ್ನೇ ಮಾಡಿಸದ ಸಂಸ್ಥೆ ತನ್ನ ಕರಾರಿನ ಹಕ್ಕಿಗಾಗಿ ದಾವೆ ಹೂಡಲಾರದು. ವಿಸರ್ಜನೆಗೆ, ಲೆಕ್ಕ ಕೇಳುವುದಕ್ಕೆ ಮಾತ್ರ ಕೋರ್ಟಿನ ಬಾಗಿಲು ತೆರೆದಿದೆ.

ಇಷ್ಟೆಲ್ಲ ಡಾಕ್ಟರ ಮಾತಾಯಿತು. ಬೆಂಚಿನ ಮೇಲೆ ಕೂತವರ ಮಾತಿಗೆ ಬರಬೇಕು.

ಸೋಮವಾರ ಬೆಳಗ್ಗೆ ಗುಡಿಬಂಡೆ ಕಡೆಯ ಬಸ್ಸಿನಿಂದ ಇಳಿದು ಬರುವ ಏಳು ತಿಂಗಳ ಬಸುರಿಯ ಕೈಚೀಲದಲ್ಲಿ ಏನೇನಿರುತ್ತದೆ ಎಂಬುದನ್ನು ಯಾವ ನರ್ಸನ್ನು ಕೇಳಿದರೂ ಹೇಳುತ್ತಾರೆ. ತಾಯಿ ಕಾರ್ಡು, ಎರಡು ಸ್ಕ್ಯಾನ್ ರಿಪೋರ್ಟು, ಮಡಿಚಿ ಮಡಿಚಿ ಹರಿಯಲು ಬಂದ ಔಷಧಿ ಚೀಟಿ, ಖಾಲಿಯಾದ ಕಬ್ಬಿಣದ ಮಾತ್ರೆಯ ಹಾಳೆ. ಮೊದಲ ಹೆರಿಗೆ ಆಪರೇಷನ್ ಆಗಿತ್ತು, ಆಗ ಬಿಪಿ ಏರಿತ್ತು, ಇಂಥ ಇಂಜೆಕ್ಷನ್ ಮೈಗೆ ಒಗ್ಗಲಿಲ್ಲ ಎಂಬ ಸಂಗತಿ ಮಾತ್ರ ಚೀಲದಲ್ಲಿಲ್ಲ. ಅದು ಕ್ಲಿನಿಕ್ಕಿನ ಬೀರುವಿನ ಫೈಲಿನಲ್ಲಿದೆ, ಮತ್ತೆ ಡಾಕ್ಟರಮ್ಮನ ತಲೆಯಲ್ಲಿದೆ. ಬಾಗಿಲಲ್ಲಿ ಕಾಂಪೌಂಡರು “ಅವರು ಬಿಟ್ಟೋದ್ರಮ್ಮ” ಅನ್ನುತ್ತಾನೆ. “ಎಲ್ಲಿ ಕೂತ್ಕೋತಾರಪ್ಪ?” ಅಂದರೆ “ಗೊತ್ತಿಲ್ಲ”. ಅವನಿಗೆ ಗೊತ್ತಿರುತ್ತದೆ. ಹೇಳಬೇಡ ಎಂದು ಅವನಿಗೆ ಅಪ್ಪಣೆಯಾಗಿರುತ್ತದೆ. ತೆಲುಗು ಮನೆಮಾತಿನವಳಾದರೆ ಅದೇ ಪ್ರಶ್ನೆ ತೆಲುಗಿನಲ್ಲಿ, ಅದೇ ಉತ್ತರ ತೆಲುಗಿನಲ್ಲಿ.

ಆ “ಗೊತ್ತಿಲ್ಲ” ವೃತ್ತಿಧರ್ಮಕ್ಕೆ ನೇರ ವಿರುದ್ಧ. ಒಮ್ಮೆ ಚಿಕಿತ್ಸೆಗೆ ಕೈಹಾಕಿದ ಮೇಲೆ ವೈದ್ಯರು ರೋಗಿಯನ್ನು ಕಡೆಗಣಿಸಬಾರದು, ರೋಗಿಗೂ ಮನೆಯವರಿಗೂ ಸಾಕಷ್ಟು ಮುಂಚಿತವಾಗಿ ತಿಳಿಸದೆ ಕೈಬಿಡಬಾರದು ಎನ್ನುತ್ತದೆ 2002ರ ನಿಯಮಾವಳಿ. 2023ರ ಆಗಸ್ಟಿನಲ್ಲಿ ಹೊಸ ನಿಯಮಾವಳಿ ಹೊರಟಿತಾದರೂ ಅದೇ ತಿಂಗಳು ಅದನ್ನು ತಡೆಹಿಡಿದದ್ದರಿಂದ ಹಳೆಯದೇ ಮತ್ತೆ ಜಾರಿಗೆ ಬಂತು. ಒಳರೋಗಿಗಳ ದಾಖಲೆಯನ್ನು 3 ವರ್ಷ ಇಡಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂದೂ ಅದರಲ್ಲಿದೆ. ಡಾಕ್ಟರು ಜಾಹೀರಾತು ಕೊಡುವಂತಿಲ್ಲ ಎಂದು ಬಿಗಿಯಾಗಿ ಹೇಳುವ ಅದೇ ನಿಯಮಾವಳಿ, ವಿಳಾಸ ಬದಲಾದಾಗ, ಇನ್ನೊಬ್ಬರ ಪ್ರಾಕ್ಟೀಸನ್ನು ವಹಿಸಿಕೊಂಡಾಗ ಪತ್ರಿಕೆಯಲ್ಲಿ ಪ್ರಕಟಣೆ ಕೊಡಲು ಅನುಮತಿ ಕೊಟ್ಟಿದೆ. ರೋಗಿಗೆ ತನ್ನ ಡಾಕ್ಟರು ಎಲ್ಲಿದ್ದಾರೆಂದು ತಿಳಿಯಬೇಕು ಎಂಬ ಕಾಳಜಿಗೆ ಅಲ್ಲಿ ಜಾಗವಿದೆ.

ನಮ್ಮ ಕಡೆ ಅಣ್ಣತಮ್ಮಂದಿರು ಭಾಗವಾದಾಗ ಪಾರೀಕತ್ತು ಬರೆಯುತ್ತಾರೆ. ಹೊಲಕ್ಕೆ ಸರಪಳಿ ಹಿಡಿದು ಅಳೆದು, ಬಾವಿಗೆ ಸರದಿ ಗೊತ್ತುಮಾಡಿ, ಹುಣಸೆ ಮರದ ಫಸಲಿಗೂ ಪಾಲು ಬರೆಯುತ್ತಾರೆ. ಕ್ಲಿನಿಕ್ಕಿನ ಭಾಗದಲ್ಲಿ ಹೀಗೆ ಅಳೆದು ಹಂಚಲಾಗದ್ದು ರೋಗಿ. ಯಾವ ಡಾಕ್ಟರ ಹತ್ತಿರ ಹೋಗಬೇಕೆಂಬುದು ಅವನ ಆಯ್ಕೆ. ಆ ಆಯ್ಕೆಗೆ ಬೇಕಾದ ಮಾಹಿತಿ ಬಚ್ಚಿಡುವ ಹಕ್ಕು ಇಬ್ಬರು ಪಾಲುದಾರರಲ್ಲಿ ಯಾರಿಗೂ ಇಲ್ಲ.

ಇದನ್ನು ನಡೆಸುವುದು ಕಷ್ಟವೂ ಅಲ್ಲ. ಹೊರಡುವವರು ಮೂರು ತಿಂಗಳು ಮುಂಚೆ ಹೇಳಬೇಕು. ಅಷ್ಟರೊಳಗೆ ದಿನ ತುಂಬುವ ಬಸುರಿಯರ, ಆಪರೇಷನ್ ಆಗಿ ಹೊಲಿಗೆ ಬಿಚ್ಚಬೇಕಾದವರ, ಕಾಲಿಗೆ ರಾಡು ಹಾಕಿಸಿಕೊಂಡು ತಿರುಗಿ ಬರಬೇಕಾದವರ ಒಂದು ಪಟ್ಟಿ ಮಾಡಿ, ಯಾರನ್ನು ಯಾರು ನೋಡಿಕೊಳ್ಳಬೇಕೆಂದು ಅವರನ್ನೇ ಕೇಳಿ ಬರೆದುಕೊಳ್ಳಬೇಕು. ಇಬ್ಬರೂ ಸಹಿ ಮಾಡಿದ ಒಂದೇ ಪ್ರಕಟಣೆಯನ್ನು ಕನ್ನಡದಲ್ಲೂ ತೆಲುಗಿನಲ್ಲೂ ಬಾಗಿಲಿಗೆ ಅಂಟಿಸಬೇಕು. ಹೊರಟವರ ಹೊಸ ವಿಳಾಸ ಹಳೆಯ ಕ್ಲಿನಿಕ್ಕಿನ ಗೋಡೆಯ ಮೇಲೆ ಆರು ತಿಂಗಳಾದರೂ ಇರಬೇಕು. ಫೈಲುಗಳು ಒಂದೇ ಕಡೆ ಉಳಿದು, ಕೇಳಿದವರಿಗೆ ನಕಲು ಸಿಗಬೇಕು. ಎಲ್ಲ ರೋಗಿಗಳ ಬಾಯಲ್ಲಿರುವ ಆ ಹಳೆಯ ಫೋನ್ ನಂಬರು ಯಾರಿಗೆ ಉಳಿಯುತ್ತದೆಯೋ ಅವರು ಕರೆ ಮಾಡಿದವರಿಗೆ ಇನ್ನೊಬ್ಬರ ನಂಬರನ್ನೂ ಹೇಳಬೇಕು.

ಫೈಲು ಉಳಿಸಿಕೊಳ್ಳುವುದರಲ್ಲಿ ಡಾಕ್ಟರ ಸ್ವಂತ ಹಿತವೂ ಇದೆ. ವೈದ್ಯರ ಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ, ಭಾರತೀಯ ವೈದ್ಯಕೀಯ ಸಂಘ ಮತ್ತು ವಿ.ಪಿ. ಶಾಂತಾ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ದೂರು ಕೊಡಲು ಸಾಮಾನ್ಯವಾಗಿ 2 ವರ್ಷದ ಕಾಲಾವಕಾಶವಿದೆ. ಪಾಲುದಾರರಾಗಿದ್ದ ಕಾಲದಲ್ಲಿ ಸಂಸ್ಥೆಯಲ್ಲಿ ಆದದ್ದಕ್ಕೆ ಇಬ್ಬರೂ ಜಂಟಿಯಾಗಿ ಹೊಣೆ. ಬಿಟ್ಟುಹೋದ ಮೇಲೆ ಬಂದ ನೋಟಿಸಿಗೆ ಉತ್ತರ ಕೊಡಬೇಕಾದಾಗ, ಸಿಟ್ಟಿನಲ್ಲಿ ಮಾಯವಾದ ಕೇಸ್ ಶೀಟು ಇಬ್ಬರನ್ನೂ ಮುಳುಗಿಸುತ್ತದೆ.

ಮಾತಿನಲ್ಲಿ ಮುಗಿಯದಿದ್ದರೆ ಕೋರ್ಟು. ಅಲ್ಲೂ ಕಾನೂನು ಮೊದಲು ಸಂಧಾನದ ಕಡೆಗೇ ಕೈತೋರುತ್ತದೆ. ವಾಣಿಜ್ಯ ನ್ಯಾಯಾಲಯಗಳ 2015ರ ಕಾಯ್ದೆಯ ಪಟ್ಟಿಯಲ್ಲಿ ಪಾಲುದಾರಿಕೆ ಒಪ್ಪಂದದ ವ್ಯಾಜ್ಯವೂ ಇದೆ. 2018ರ ತಿದ್ದುಪಡಿಯ ನಂತರ ₹3 ಲಕ್ಷ ಮತ್ತು ಅದಕ್ಕೆ ಮೇಲ್ಪಟ್ಟ ವ್ಯಾಜ್ಯಗಳಲ್ಲಿ, ತುರ್ತು ತಡೆಯಾಜ್ಞೆ ಬೇಕಿಲ್ಲದಿದ್ದರೆ, ದಾವೆ ಹೂಡುವ ಮುಂಚೆ ಮಧ್ಯಸ್ಥಿಕೆಗೆ ಹೋಗಲೇಬೇಕು. ಇದು ಕಡ್ಡಾಯ ಎಂದು ಪಾಟೀಲ್ ಆಟೊಮೇಷನ್ ಮೊಕದ್ದಮೆಯಲ್ಲಿ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕರಾರಿನಲ್ಲಿ ಪಂಚಾಯ್ತಿದಾರರ ಕಲಂ ಇದ್ದರೆ 1996ರ ಆರ್ಬಿಟ್ರೇಷನ್ ಕಾಯ್ದೆಯಡಿ ಅವರೇ ವಿಸರ್ಜನೆಯನ್ನೂ ತೀರ್ಮಾನಿಸಬಲ್ಲರು, ವಿ.ಎಚ್. ಪಟೇಲ್ ಸಂಸ್ಥೆಯ ಮೊಕದ್ದಮೆಯಲ್ಲಿ 2000ದಲ್ಲೇ ಇದು ಇತ್ಯರ್ಥವಾಗಿದೆ. ದಾವೆ ಹೂಡದೆಯೂ ಲೋಕ ಅದಾಲತ್ತಿಗೆ ಹೋಗಬಹುದು. ಅಲ್ಲಿ ಇಬ್ಬರೂ ಒಪ್ಪಿ ಆದ ರಾಜಿಗೆ ಡಿಕ್ರಿಯ ಬಲವಿದೆ, ಅದರ ಮೇಲೆ ಅಪೀಲಿಲ್ಲ. ಮುಚ್ಚಿದ ಕೋಣೆಯಲ್ಲಿ ಮುಗಿಯುವ ಸಂಧಾನ ಡಾಕ್ಟರುಗಳಿಗೆ ಇನ್ನೊಂದು ಕಾರಣಕ್ಕೂ ಒಳ್ಳೆಯದು. ಒಬ್ಬರ ಮೇಲೊಬ್ಬರು ಕೋರ್ಟಿನಲ್ಲಿ ಮಾಡಿದ ಆರೋಪ ಮರುದಿನ ಬಸ್‌ಸ್ಟಾಂಡಿನಲ್ಲಿ ಮಾತಾಗುತ್ತದೆ, ರೋಗಿ ಇಬ್ಬರನ್ನೂ ನಂಬದಂತಾಗುತ್ತಾನೆ.

ತಾಲ್ಲೂಕು ಊರುಗಳಲ್ಲಿ ಗಂಡ ಹೆಂಡತಿ ಇಬ್ಬರೂ ಡಾಕ್ಟರಾಗಿ ನಡೆಸುವ ನರ್ಸಿಂಗ್ ಹೋಮುಗಳೂ ಉಂಟು. ಅಲ್ಲಿ ಕರಾರುಪತ್ರ ಎಂಬ ಮಾತೆತ್ತುವುದೇ ಅಪಶಕುನ ಎಂಬ ಭಾವನೆ. ಸಂಸಾರ ಚೆನ್ನಾಗಿದ್ದರೂ ಸಾವು ಬರುತ್ತದೆ. ಗಂಡನ ಹೆಸರಿನಲ್ಲೇ ಎಲ್ಲ ನೋಂದಣಿ ಇದ್ದರೆ, ದುಡಿದು ಕಟ್ಟಿದ ಆಸ್ಪತ್ರೆಯಲ್ಲಿ ಹೆಂಡತಿ ಉಳಿದ ವಾರಸುದಾರರ ಜೊತೆ ಲೆಕ್ಕಕ್ಕೆ ನಿಲ್ಲಬೇಕಾಗುತ್ತದೆ.

ಪಾಲುದಾರಿಕೆಯನ್ನು ಮುರಿಯುವುದು ಯಾವಾಗಲೂ ಕೇಡಲ್ಲ ಎಂಬುದಕ್ಕೆ ಅಮೆರಿಕದ ರಾಚೆಸ್ಟರ್ ಎಂಬ ಸಣ್ಣ ಊರಿನ ನಿದರ್ಶನವಿದೆ. ವಿಲಿಯಂ ಮತ್ತು ಚಾರ್ಲ್ಸ್ ಮೇಯೊ ಎಂಬ ವೈದ್ಯ ಸೋದರರು ಕೆಲವು ಪಾಲುದಾರರ ಜೊತೆ ನಡೆಸುತ್ತಿದ್ದ ಕ್ಲಿನಿಕ್ಕನ್ನು 1919ರಲ್ಲಿ ಪಾಲುದಾರಿಕೆಯಿಂದ ಬಿಡಿಸಿ, ಆಸ್ತಿಯನ್ನೂ ಹೆಸರನ್ನೂ ಲಾಭಕ್ಕಲ್ಲದ ಸಂಸ್ಥೆಯೊಂದಕ್ಕೆ ಬರೆದುಕೊಟ್ಟರು. ಮುಂದೆ ಅಲ್ಲಿನ ಡಾಕ್ಟರುಗಳು ಸಂಬಳದ ಮೇಲೆ ದುಡಿದರು. ಯಾರು ಬಂದರೂ ಯಾರು ಹೋದರೂ ರೋಗಿಯ ಫೈಲು ಅಲ್ಲೇ ಉಳಿಯಿತು. ಅವರಷ್ಟು ದೊಡ್ಡ ದತ್ತಿಯನ್ನು ಇಲ್ಲಿ ಯಾರಿಂದಲೂ ನಿರೀಕ್ಷಿಸಬೇಕಿಲ್ಲ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆ ಕೂಡಿ ಪ್ರಾಕ್ಟೀಸು ಮಾಡುತ್ತಿರುವ ವೈದ್ಯರಲ್ಲಿ ಒಂದು ವಿನಂತಿ. ಜಗಳವಿಲ್ಲದ ಈಗಲೇ ವಕೀಲರನ್ನೂ ಆಡಿಟರನ್ನೂ ಕೂರಿಸಿಕೊಂಡು ಕರಾರು ಬರೆಸಿ, ನೋಂದಣಿ ಮಾಡಿಸಿ. ಇರುವ ಕರಾರಿನಲ್ಲಿ ರೋಗಿಗೆ ಮುಂಚಿತವಾಗಿ ತಿಳಿಸುವ ಕಲಂ ಇಲ್ಲದಿದ್ದರೆ ಅದನ್ನು ಸೇರಿಸಿ. ಬೆಂಚಿನ ಮೇಲೆ ಕೂರುವ ನಾವೆಲ್ಲರೂ, ಡಾಕ್ಟರು ಬಿಟ್ಟುಹೋದ ದಿನ, ನಮ್ಮ ದಾಖಲೆಯ ನಕಲನ್ನು ಬರವಣಿಗೆಯಲ್ಲಿ ಕೇಳೋಣ. ಅದನ್ನು ಕೊಡಲು ಅವರಿಗಿರುವ ಕಾಲ 72 ಗಂಟೆ.